ಗದ್ದೆ ಯಾರ ಹೆಸರಲ್ಲಿದೆ?

ನಾವು ಸಾಗರ ಸೀಮೆಯ ರೈತರ ಮನೆ ಹೆಣ್ಣುಮಕ್ಕಳು.

ನಮ್ಮ ಮುತ್ತಜ್ಜ ಒಡೆಯರ ಗದ್ದೆ ಉಳುತ್ತಿದ್ದ. ಮುತ್ತಜ್ಜಿ ನಾಟಿ ಮಾಡುತ್ತಿದ್ದಳು. ಬೆಳೆದ ಭತ್ತದಲ್ಲಿ ಒಡೆಯರಿಗೆ ಗೇಣಿ ಅಳೆಯಬೇಕು. ಅಳೆಯುವ ಕೊಳಗ ದೊಡ್ಡದು. ಮನೆಗೆ ಉಳಿಯುವುದು ಕಡಿಮೆ. 1951ರಲ್ಲಿ ಕಾಗೋಡಿನ ಗೇಣಿದಾರರು ಇದನ್ನು ವಿರೋಧಿಸಿ ಸತ್ಯಾಗ್ರಹ ಮಾಡಿದರು.

ಅಜ್ಜನ ಕಾಲಕ್ಕೆ ಹೊಸ ಕಾನೂನು ಬಂತು. ಆಗ ದೇವರಾಜ ಅರಸು ಮುಖ್ಯಮಂತ್ರಿ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯ್ತು. ಉಳುವವನೇ ಹೊಲದೊಡೆಯ ಆದ. ಅಜ್ಜ 7ನೇ ನಂಬರ್ ಫಾರಂ ಕೊಟ್ಟ. ಭೂನ್ಯಾಯ ಮಂಡಳಿ ಗದ್ದೆಯನ್ನು ಅಜ್ಜನಿಗೆ ಕೊಟ್ಟಿತು. ಮನೆಯಲ್ಲಿ ಹಬ್ಬವೇ ಆಯ್ತು.

ಪಹಣಿಯಲ್ಲಿ ಅಜ್ಜನ ಹೆಸರು ಬಂತು. ಆಮೇಲೆ ಅಪ್ಪ, ಚಿಕ್ಕಪ್ಪನ ಹೆಸರು ಬಂತು. ಅತ್ತೆಯ ಹೆಸರು ಬರಲಿಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಅಂದರು. ಅತ್ತೆಗೆ ಓದು ಬಾರದು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅದು ಹಕ್ಕು ಬಿಟ್ಟುಕೊಟ್ಟ ಪತ್ರ!

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ಬದಲಾಯ್ತು. ಹಿರಿಯರ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ. ಮದುವೆ ಆಗಿದ್ದರೂ ಇದೆ. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಈಗ ನಮಗೆ ಓದು ಬರುತ್ತೆ. ನಾಡಕಚೇರಿಯಿಂದ ಪಹಣಿ ತರೋಣ. ಯಾರ ಹೆಸರಿದೆ, ಓದಿ ನೋಡೋಣ. ಓದದೆ ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ.