ಪುಕ್ಕಟೆ ಆಟಕ್ಕೆ ನಿದ್ದೆಯ ಬೆಲೆ

2024ರ ಡಿಸೆಂಬರ್‌ನಲ್ಲಿ ಬಂದ ‘ಮಾರ್ವೆಲ್ ರೈವಲ್ಸ್’ ಎಂಬ ಆಟವನ್ನು ವಿಮರ್ಶಕರು ಮೆಚ್ಚಿಕೊಂಡರು. ಆರಾರು ಮಂದಿಯ ಎರಡು ತಂಡಗಳು ಅಂತರಜಾಲದ ಮೂಲಕ ಕಾಳಗ ನಡೆಸುವ ಆಟವಿದು. ಎಲ್ಲ ವೀರರೂ ಪುಕ್ಕಟೆ. ಇದೇ ಬಗೆಯ ‘ಓವರ್‌ವಾಚ್ 2’, ಹೊಸ ವೀರ ಬೇಕಾದರೆ ಹಣ ಕೊಡಿ, ಇಲ್ಲವೇ ದಿನಗಟ್ಟಲೆ ಆಡಿ ಎಂದು 2022ರಲ್ಲಿ ಟೀಕೆಗೆ ಗುರಿಯಾಗಿತ್ತು.

ಆದರೆ ವಿಮರ್ಶೆ ತೂಗುವುದು ಆಟದ ಗುಣವನ್ನು, ಆಡುವ ಮಗುವಿನ ನಿದ್ದೆಯನ್ನಲ್ಲ. ಪುಕ್ಕಟೆ ಆಟಕ್ಕೆ ಆದಾಯ ಬರುವುದು ವೀರರ ಹೊಸ ಉಡುಪುಗಳ ಮಾರಾಟದಿಂದ. ಅದಕ್ಕಾಗಿ ಆಟಗಾರ ಮತ್ತೆ ಮತ್ತೆ ಬರಬೇಕು. ಹೊಸ ಹೊಸ ಸವಾಲು, ಗಡುವಿನ ಬಹುಮಾನಗಳು ಇರುವುದು ಇದಕ್ಕೇ.

ಶಿವಮೊಗ್ಗ, ಭದ್ರಾವತಿಯ ಪಾಲಕರೇ, ಊಟಕ್ಕೆ ಕರೆದಾಗ ಮಗು ಏಳದಿರುವುದು ಬರೀ ಹಟವಲ್ಲ. ಪಂದ್ಯವನ್ನು ನಡುವೆ ತಡೆಹಿಡಿಯಲಾಗದು. ಬಿಟ್ಟೆದ್ದರೆ ತಂಡಕ್ಕೆ ನಷ್ಟ. ಆದ್ದರಿಂದ ಗಂಟೆಗಳ ಬದಲು ಪಂದ್ಯಗಳ ಲೆಕ್ಕವಿಡಿ: ‘ಇದು ಮುಗಿದ ಮೇಲೆ ಊಟ’ ಎಂದು ಮೊದಲೇ ಮಾತಾಗಲಿ. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಆಟ ನಿಲ್ಲಲಿ. ಯುಪಿಐ ಪಿನ್ ಮಕ್ಕಳ ಕೈಗೆ ಕೊಡಬೇಡಿ.

ಹೆಚ್ಚು ಆಡಿದ ಮಾತ್ರಕ್ಕೆ ಕಾಯಿಲೆಯಲ್ಲ. ಹಿಡಿತ ತಪ್ಪಿ, ಓದು, ಊಟ, ಸ್ನೇಹಗಳು ಹಿಂದೆ ಸರಿದು, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಸುಮಾರು ಒಂದು ವರ್ಷ ಮುಂದುವರಿದರೆ ಅದು ಕಾಯಿಲೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದೂ ಸೇರಿದೆ.

ನೀವು ಮಾತ್ರ ವರ್ಷ ಕಾಯಬೇಡಿ. ಮಗು ನಿದ್ದೆಗೆಟ್ಟು, ಶಾಲೆ ತಪ್ಪಿಸಿ, ತಡೆದರೆ ರೇಗಾಡುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ, ಇಲ್ಲವೇ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವಿದೆ. ಬೈಗುಳಕ್ಕಿಂತ ಬೇಗ ಪಡೆದ ಸಲಹೆಯೇ ಮೇಲು.