ಆಟಿಸಂ ಇರುವ ಮಗು: ದಿನ ಸಾಗಿಸುವುದು ಹೇಗೆ?

ಬೆಳಿಗ್ಗೆ ಏಳೂವರೆ ಗಂಟೆ. ಗಂಡ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಕಂಪನಿ ಬಸ್ಸು ಹಿಡಿಯಬೇಕು. ದೊಡ್ಡ ಮಗಳ ಸ್ಕೂಲ್ ವ್ಯಾನು ಬರುವ ಹೊತ್ತು. ಒಲೆಯ ಮೇಲೆ ಕುಕ್ಕರು ಮೂರನೆಯ ಸಲ ಕೂಗುತ್ತದೆ. ನಾಲ್ಕು ವರ್ಷದ ಮಗ ಎರಡು ಕಿವಿಯನ್ನೂ ಮುಚ್ಚಿಕೊಂಡು ಚೀರತೊಡಗುತ್ತಾನೆ. ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಾನೆ. ಎತ್ತಿಕೊಳ್ಳಲು ಬಂದ ತಾಯಿಯ ಕೈ ಕಚ್ಚುತ್ತಾನೆ. "ಎರಡೇಟು ಬಿಟ್ಟರೆ ತಾನೇ ಸರಿಹೋಗ್ತಾನೆ. ನೀನೇ ಮುದ್ದು ಮಾಡಿ ಕೆಡಿಸಿದ್ದೀಯ" ಎಂದು ಅತ್ತೆ ಗೊಣಗುತ್ತಾರೆ.

ಬೇಗೂರು, ಬೊಮ್ಮನಹಳ್ಳಿ, ಹೊಂಗಸಂದ್ರದ ಯಾವ ಬೀದಿಯಲ್ಲಾದರೂ ಇಂಥದೊಂದು ಮನೆ ಇರಬಹುದು. ಅದು ನಿಮ್ಮ ಮನೆಯೂ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಮೊದಲು ಒಂದು ವಿಷಯ ತಿಳಿದಿರಲಿ. ಇದು ನೀವು ಮಗುವನ್ನು ಬೆಳೆಸಿದ ರೀತಿಯಿಂದ ಬಂದದ್ದಲ್ಲ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಈ ಸ್ಥಿತಿಯನ್ನು ಮೊದಲ ಬಾರಿಗೆ ವಿವರವಾಗಿ ಬರೆದ ಮೇಲೆ ಹಲವು ವರ್ಷ ತಜ್ಞರೇ ತಾಯಂದಿರನ್ನು ದೂರಿದರು. ಪ್ರೀತಿ ತೋರದ ತಾಯಿಯಿಂದ ಮಗು ಹೀಗಾಗುತ್ತದೆ ಎಂದರು. ತಾನೂ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಈ ವಾದವನ್ನು ಅಲ್ಲಗಳೆದರು. ಇದು ಮಿದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ, ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಈಗ ಖಚಿತ. ದಡಾರದ ಲಸಿಕೆಯಿಂದ ಬರುತ್ತದೆಂಬ ಹೆದರಿಕೆಗೂ ಆಧಾರವಿಲ್ಲ. ಆ ಗುಲ್ಲೆಬ್ಬಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ತಜ್ಞರು ಕೈಬಿಟ್ಟ ದೂರು ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಉಳಿದುಕೊಂಡಿದೆ. ಈಗ ಅದು ಕೆಲಸಕ್ಕೆ ಹೋಗುವ ತಾಯಿಯ ಮೇಲೆ ಬೀಳುತ್ತದೆ, ಅಷ್ಟೆ ವ್ಯತ್ಯಾಸ.

ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ಮಗು ತಿರುಗಿ ನೋಡದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಮಾತನಾಡದಿದ್ದರೆ, ಆಡುತ್ತಿದ್ದ ಮಾತು ನಿಂತೇಹೋದರೆ ತಡಮಾಡಬೇಡಿ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂಬ ಸಮಾಧಾನದಲ್ಲಿ ಕಳೆದುಹೋಗುವುದು ಮಗು ಅತಿ ವೇಗವಾಗಿ ಕಲಿಯುವ ವರ್ಷಗಳು. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಆಮೇಲೆ ಮಕ್ಕಳ ತಜ್ಞರನ್ನೋ ಮನೋವೈದ್ಯರನ್ನೋ ಕಾಣಿರಿ. ಬೇಗೂರಿನವರು ದೂರ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಅದರ ಹತ್ತಿರವೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. 2000ದಲ್ಲಿ ವಾಕ್‌ಚಿಕಿತ್ಸಾ ತಜ್ಞೆ ಡಾ. ಪ್ರತಿಭಾ ಕಾರಂತ ಅವರು ಪುಟ್ಟ ಮಕ್ಕಳಿಗಾಗಿ ಆರಂಭಿಸಿದ 'ಕಾಮ್ ಡೀಲ್' ತರಬೇತಿ ಹುಟ್ಟಿದ್ದೂ ಬೆಂಗಳೂರಿನಲ್ಲೇ.

ಆದರೆ ತರಬೇತಿ ವಾರದಲ್ಲಿ ಕೆಲವು ಗಂಟೆ. ಉಳಿದ ಹೊತ್ತೆಲ್ಲ ಮಗು ನಿಮ್ಮೊಡನೆಯೇ ಇರುತ್ತದೆ. ಆ ಹೊತ್ತಿನ ಬಗ್ಗೆ ಈ ವಾರ ನೋಡೋಣ.

ಚೀರಾಟದ ಹಿಂದೆ ಏನಿದೆ?

ಮಾತು ಬಾರದ ಮಗು ತನ್ನ ಕಷ್ಟವನ್ನು ಹೇಗೆ ಹೇಳಬೇಕು? ಚೀರಿ, ಕಚ್ಚಿ, ಓಡಿಹೋಗಿ ಹೇಳುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಶಬ್ದ, ಬೆಳಕು, ಸ್ಪರ್ಶ ನಮಗೆ ತಾಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ತಾಗುತ್ತವೆ. ನಮಗೆ ಕುಕ್ಕರಿನ ಕೂಗು ಅನ್ನವಾಯಿತೆಂಬ ಸೂಚನೆ. ಆ ಮಗುವಿಗೆ ಅದು ಕಿವಿಯೊಳಗೆ ಮೊಳೆ ಹೊಡೆದಂತೆ. ಅದರ ಮೇಲೆ ಮಿಕ್ಸಿ, ನೀರಿನ ಟ್ಯಾಂಕರು, ಪಕ್ಕದ ನಿವೇಶನದಲ್ಲಿ ಕೊರೆಯುತ್ತಿರುವ ಬೋರ್‌ವೆಲ್ ಎಲ್ಲ ಸೇರಿದರೆ ಹೇಗಿದ್ದೀತು?

ಒಂದು ನೋಟ್‌ಪುಸ್ತಕ ಇಡಿ. ಮಗು ರಂಪ ಮಾಡಿದಾಗಲೆಲ್ಲ ಮೂರು ಸಂಗತಿ ಬರೆಯಿರಿ. ಅದಕ್ಕೆ ಮುಂಚೆ ಏನಾಯಿತು? ಮಗು ಏನು ಮಾಡಿತು? ಆಮೇಲೆ ನೀವು ಏನು ಮಾಡಿದಿರಿ? ಎರಡು ವಾರ ಬರೆದರೆ ಕಾರಣ ನಿಮ್ಮ ಕಣ್ಣಿಗೇ ಬೀಳುವ ಸಂಭವ ಹೆಚ್ಚು. ಶಬ್ದ ಕಾರಣವಾದರೆ ಮಗು ಏಳುವ ಮೊದಲೇ ಕುಕ್ಕರು ಇಳಿಸಿ. ಅದಾಗದಿದ್ದರೆ ಕೂಗುವ ಮುಂಚೆ ಮಗುವಿಗೆ ಹೇಳಿ, ಬೇರೆ ಕೋಣೆಗೆ ಕರೆದೊಯ್ಯಿರಿ. ಕಿವಿ ಮುಚ್ಚುವ ಇಯರ್‌ಮಫ್ ಹಾಕಿದರೂ ಆದೀತು. ಅಂಗಿಯ ಕತ್ತುಪಟ್ಟಿಯ ಲೇಬಲ್ ಚುಚ್ಚುತ್ತಿದ್ದರೆ ಕತ್ತರಿಸಿ ಹಾಕಿ. ಹಲ್ಲುನೋವು, ಕಿವಿನೋವು, ಮಲಬದ್ಧತೆಯೂ ರಂಪವಾಗಿ ಹೊರಬರುತ್ತವೆ. ಇದ್ದಕ್ಕಿದ್ದಂತೆ ಚೀರಾಟ ಹೆಚ್ಚಾದರೆ ವೈದ್ಯರಿಗೆ ತೋರಿಸಿ.

ಬೇರೊಂದು ಬಗೆಯ ರಂಪವೂ ಉಂಟು. ಅತ್ತ ಕೂಡಲೇ ಮೊಬೈಲ್ ಸಿಗುತ್ತದೆ ಎಂದು ತಿಳಿದ ಮಗು ಮೊಬೈಲಿಗಾಗಿ ಅಳುತ್ತದೆ. ಎಲ್ಲ ಮಕ್ಕಳೂ ಇದನ್ನು ಮಾಡುತ್ತಾರೆ. ಅಲ್ಲಿ ಅಳುವಿಗೆ ಬಗ್ಗಬೇಡಿ. ಕೇಳುವ ಸರಿಯಾದ ದಾರಿ ಕಲಿಸಿ. ಕೈ ಚಾಚಿದರೂ ಸಾಕು, ಚಿತ್ರ ತೋರಿಸಿದರೂ ಸಾಕು. ಹಾಗೆ ಕೇಳಿದ ಕೂಡಲೇ ಅಷ್ಟು ಹೊತ್ತಿಗೆಂದು ಕೊಡಿ.

ರಂಪ ಜೋರಾಗಿರುವಾಗ ಬುದ್ಧಿ ಹೇಳಿ ಫಲವಿಲ್ಲ. ಆಗ ಯಾವ ಮಾತೂ ಒಳಗೆ ಇಳಿಯುವುದಿಲ್ಲ. ದೀಪ ಆರಿಸಿ. ಸುತ್ತ ನೆರೆದವರನ್ನು ಕಳುಹಿಸಿ. ತಲೆಯ ಕೆಳಗೆ ದಿಂಬು ಕೊಡಿ. ಗಟ್ಟಿ ಸಾಮಾನು ದೂರ ಸರಿಸಿ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಹೊಡೆದರೆ ಮಗು ನೋವು ಕಲಿಯುತ್ತದೆ, ಹೆದರಿಕೆ ಕಲಿಯುತ್ತದೆ. ಕಾಲಕ್ರಮದಲ್ಲಿ ತಾನೂ ಹೊಡೆಯಲು ಕಲಿಯುತ್ತದೆ.

ಮುಂದೇನು ಎಂದು ತಿಳಿಯದಿರುವುದು ಈ ಮಕ್ಕಳಿಗೆ ದೊಡ್ಡ ಭಯ. ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ, ಆಟ, ಊಟ, ನಿದ್ದೆ ಇವುಗಳ ಚಿತ್ರಗಳನ್ನು ಮೇಲಿಂದ ಕೆಳಕ್ಕೆ ಸಾಲಾಗಿ ಮಗುವಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ನಿಮ್ಮ ಮನೆಯ ತಟ್ಟೆ, ಬಕೆಟ್ಟುಗಳ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಒಂದು ಕೆಲಸ ಮುಗಿದ ಮೇಲೆ ಮಗುವಿನ ಕೈಯಿಂದಲೇ ಆ ಚಿತ್ರ ಕಿತ್ತು ಡಬ್ಬಿಗೆ ಹಾಕಿಸಿ. ನಾಳೆ ಬಂದ್, ಶಾಲೆ ಇಲ್ಲ ಎಂದಾದರೆ ಹಿಂದಿನ ರಾತ್ರಿಯೇ ಶಾಲೆಯ ಚಿತ್ರ ತೆಗೆದು ಅಜ್ಜಿಯ ಮನೆಯದನ್ನು ಅಂಟಿಸಿ ತೋರಿಸಿ.

ಯಾವ ಭಾಷೆಯಲ್ಲಿ ಮಾತನಾಡಿಸಬೇಕು?

ಬೇಗೂರಿನ ತಾಯಂದಿರಿಗೆ ಈ ಪ್ರಶ್ನೆ ಬಹಳ ಕಾಡುತ್ತದೆ. ಬೆಂಗಳೂರು ಎಂಬ ಹೆಸರು ಮೊದಲು ಸಿಕ್ಕಿದ್ದೇ ಬೇಗೂರಿನ ಒಂಬತ್ತನೆಯ ಶತಮಾನದ ಕನ್ನಡ ವೀರಗಲ್ಲಿನಲ್ಲಿ. ಈಗ ಅದೇ ಊರಿನ ಒಂದೇ ಮನೆಯಲ್ಲಿ ಅಜ್ಜಿ ತೆಲುಗು, ತಾಯಿ ಕನ್ನಡ, ಕೆಲಸದವರು ತಮಿಳು, ಶಾಲೆ ಇಂಗ್ಲಿಷು. ಇಷ್ಟು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲೂ ಇಂಗ್ಲಿಷೇ ಆಡಿ ಎಂದು ಸಲಹೆ ಕೊಡುವವರು ಬಹಳ. ಕೆನಡಾ, ಬ್ರಿಟನ್ ಮೊದಲಾದ ಕಡೆ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆಯ ಮನೆಯಲ್ಲಿ ಬೆಳೆಯುವುದರಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬಿದ್ದದ್ದು ಕಂಡಿಲ್ಲ. ಮಗುವನ್ನು ಮುದ್ದಿಸಲು, ಗದರಿಸಲು, ನಗಿಸಲು ನಿಮಗೆ ಯಾವ ಭಾಷೆ ತಾನಾಗಿ ಬಾಯಿಗೆ ಬರುತ್ತದೋ ಅದರಲ್ಲೇ ಆಡಿರಿ. ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎಂದು ಮೂರು ಪದ ಹೇಳುವ ತಾಯಿಯ ಬಳಿ ಮಗು ಕಲಿಯುವುದು ಆ ಮೂರೇ ಪದ. ಅಜ್ಜಿಯೊಡನೆ ಬೆಳೆಯಬೇಕಾದ ನಂಟೂ ಕಡಿದುಹೋಗುತ್ತದೆ.

ವಾಕ್ಯ ಮಾತ್ರ ಚಿಕ್ಕದಿರಲಿ. "ಬಟ್ಟೆ ಎಲ್ಲ ಕೊಳೆ ಮಾಡಿಕೊಂಡಿದ್ದೀಯಲ್ಲ, ಬೇಗ ಬಾ ಸ್ನಾನಕ್ಕೆ" ಎನ್ನುವ ಬದಲು "ಸ್ನಾನ, ಬಾ" ಎಂದು ಬಕೆಟ್ಟು ತೋರಿಸಿ. ಉತ್ತರಕ್ಕೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಕಾಯಿರಿ. ಚಿತ್ರ ತೋರಿಸಿ, ಸನ್ನೆ ಕಲಿಸಿ ಅಭ್ಯಾಸ ಮಾಡಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬೇಡ.

ಊಟ, ನಿದ್ದೆ, ಕ್ಷೌರ

ಮೊಸರನ್ನ ಬಿಟ್ಟು ಬೇರೇನೂ ಮುಟ್ಟದ ಮಗುವಿನ ಬಾಯಿಗೆ ಸಾರನ್ನ ತುರುಕಿದರೆ ನಾಳೆ ಮೊಸರನ್ನವನ್ನೂ ಬಿಟ್ಟೀತು. ಹೊಸ ತಿನಿಸನ್ನು ತಟ್ಟೆಯ ಪಕ್ಕದಲ್ಲಿ ಒಂದು ಚೂರು ಇಡಿ, ತಿನ್ನು ಎನ್ನಬೇಡಿ. ಕೆಲವು ದಿನ ನೋಡಲಿ, ಆಮೇಲೆ ಮುಟ್ಟಲಿ, ಮೂಸಲಿ. ಗೋಧಿ, ಹಾಲು ಬಿಡಿಸಿದರೆ ಆಟಿಸಂ ವಾಸಿಯಾಗುತ್ತದೆಂಬುದಕ್ಕೆ ಪುರಾವೆ ಇಲ್ಲ. ಮೊದಲೇ ನಾಲ್ಕು ತಿನಿಸು ತಿನ್ನುವ ಮಗುವಿನಿಂದ ಎರಡನ್ನು ಕಿತ್ತುಕೊಳ್ಳಬೇಡಿ. ರಕ್ತಹೀನತೆ ಇದೆಯೇ ಎಂದು ವೈದ್ಯರಿಂದ ನೋಡಿಸಿ.

ನಿದ್ದೆಯ ತೊಂದರೆ ಈ ಮಕ್ಕಳಲ್ಲಿ ಬಹಳ. ಮಲಗುವ ಒಂದು ಗಂಟೆ ಮೊದಲು ಟಿ.ವಿ., ಮೊಬೈಲ್ ಆರಿಸಿ. ದಿನವೂ ಅದೇ ಹೊತ್ತು, ಅದೇ ಹಾಸಿಗೆ, ಅದೇ ಹಾಡು. ನಿದ್ದೆಯ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ಕೇಳಿ ತಂದು ಕೊಡಬಾರದು.

ಕ್ಷೌರಕ್ಕೆ ಭಾನುವಾರದ ಗದ್ದಲದಲ್ಲಿ ಕರೆದೊಯ್ಯಬೇಡಿ. ವಾರದ ನಡುವಿನ ಮಧ್ಯಾಹ್ನ ಅಂಗಡಿ ಖಾಲಿ ಇರುತ್ತದೆ. ಮೊದಲ ಸಲ ಬಾಗಿಲವರೆಗೆ ಹೋಗಿ ಬನ್ನಿ, ಎರಡನೆಯ ಸಲ ಕುರ್ಚಿಯಲ್ಲಿ ಕೂರಿಸಿ ಎಬ್ಬಿಸಿ. ಮಿಷನ್ ಬೇಡ, ಕತ್ತರಿ ಸಾಕು ಎಂದು ಮೊದಲೇ ತಿಳಿಸಿ.

ಇವಕ್ಕಿಂತ ಮುಖ್ಯವಾದದ್ದು ಮಗುವಿನ ರಕ್ಷಣೆ. ಬಾಗಿಲು ತೆರೆದಿದ್ದರೆ ಹೊರಗೆ ಓಡಿಬಿಡುವ ಮಕ್ಕಳಿದ್ದಾರೆ. ಕರೆದರೆ ಓಗೊಡುವುದಿಲ್ಲ, ವಾಹನದ ಭಯವಿಲ್ಲ, ನೀರು ಕಂಡರೆ ಸೆಳೆತ. ಬೇಗೂರಿನಲ್ಲಿ ಕೆರೆಯೂ ಇದೆ, ಮನೆ ಮನೆಗೂ ಸಂಪೂ ಇದೆ. ಸಂಪಿನ ಮುಚ್ಚಳಕ್ಕೆ ಇಂದೇ ಬೀಗ ಹಾಕಿ. ಹೊರಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿ. ಕತ್ತಿನ ಸರದಲ್ಲೋ ಬಳೆಯಲ್ಲೋ ನಿಮ್ಮ ಫೋನ್ ನಂಬರು ಇರಲಿ. ಬೀದಿಯ ಅಂಗಡಿಯವರಿಗೆ, ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ, ಆಟೋ ನಿಲ್ದಾಣದವರಿಗೆ ಮಗುವನ್ನು ತೋರಿಸಿ ಪರಿಚಯ ಮಾಡಿಸಿ. ಮಗು ಕಾಣದಿದ್ದರೆ ಮೊದಲು ನೀರಿರುವ ಕಡೆ ಹುಡುಕಿ, ಜೊತೆಗೇ 112ಕ್ಕೆ ಕರೆ ಮಾಡಿ. ನಾಚಿಕೆಯಿಂದ ಮಗುವನ್ನು ಮನೆಯೊಳಗೇ ಮುಚ್ಚಿಟ್ಟರೆ ಬೀದಿಯಲ್ಲಿ ಸಿಕ್ಕ ದಿನ ಯಾರಿಗೂ ಅದರ ಗುರುತು ಸಿಗುವುದಿಲ್ಲ.

ವಾಸಿ ಮಾಡಿಸುತ್ತೇವೆ ಎನ್ನುವವರು

ನಾಗೇಶ್ವರನಿಗೆ ಹರಕೆ ಹೊತ್ತುಕೊಳ್ಳಿ, ತಾಯತ ಕಟ್ಟಿಸಿ, ಬೇಡವೆನ್ನುವುದಿಲ್ಲ. ಅದರಿಂದ ನಿಮ್ಮ ಮನಸ್ಸಿಗೆ ಧೈರ್ಯ ಬಂದೀತು. ಆದರೆ ಆಟಿಸಂ ಅನ್ನು ವಾಸಿ ಮಾಡುವ ಔಷಧಿ ಇಲ್ಲ. ಕಾಡುವ ಕೆಲವು ತೊಂದರೆಗಳಿಗೆ ವೈದ್ಯರು ಮಾತ್ರೆ ಕೊಡಬಹುದು, ಅಷ್ಟೆ. ಲಕ್ಷಗಟ್ಟಲೆ ಹಣ ಪಡೆದು ಕಾಂಡಕೋಶ ಚಿಕಿತ್ಸೆ ಮಾಡುತ್ತೇವೆ ಎನ್ನುವವರ ಬಾಗಿಲಿಗೆ ಹೋಗಬೇಡಿ. ಆಟಿಸಂಗೆ ಆ ಚಿಕಿತ್ಸೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ.

ಪವಾಡದ ಕಥೆಗಳನ್ನು ಕೇಳುವಾಗಲೂ ಎಚ್ಚರವಿರಲಿ. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ ತಿತೋ ಮುಖೋಪಾಧ್ಯಾಯ ಎಂಬ ಹುಡುಗನಿಗೆ ತಾಯಿ ಸೋಮಾ ಅಕ್ಷರದ ಹಲಗೆ ಹಿಡಿದು ಬರೆಯಲು ಕಲಿಸಿದರು. ಅವನ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಆ ತಾಯಿಯ ಹಠ ದೊಡ್ಡದು. ಆದರೆ ಅವರ ಬೋಧನಾ ಕ್ರಮಕ್ಕೆ ತಕ್ಕ ಪುರಾವೆ ಇಲ್ಲ, ಬಳಸಬೇಡಿ ಎಂದು ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ ಸೂಚಿಸಿತು. ಒಂದು ಮಗುವಿನ ಕಥೆ ಕೇಳಿ ನಿಮ್ಮ ಮಗುವಿನ ಚಿಕಿತ್ಸೆ ಬದಲಿಸಬೇಡಿ. ನಿಮ್ಮ ಮಗು ಕಳೆದ ವರ್ಷಕ್ಕಿಂತ ಈ ವರ್ಷ ಏನು ಕಲಿತಿದೆ ಎಂದು ನೋಡಿ.

ತಾಯಿಯ ಆರೋಗ್ಯ

ಈ ಮಗುವಿನ ಇಡೀ ಭಾರ ಒಬ್ಬಳ ಮೇಲೆ ಬಿದ್ದರೆ ಅವಳು ಕುಸಿಯುತ್ತಾಳೆ. ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು, ಮಗುವಿನೊಡನೆ ತಾನೂ ಸತ್ತರೆ ವಾಸಿ ಎಂಬ ಯೋಚನೆ ಖಿನ್ನತೆಯ ಲಕ್ಷಣಗಳು. ಅದಕ್ಕೆ ಚಿಕಿತ್ಸೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ತಂದೆಯಂದಿರೇ, ಮನೆಗೆ ಬಂದು "ಇವತ್ತು ಏನು ಮಾಡಿದ?" ಎಂದು ವಿಚಾರಿಸಿದರೆ ಸಾಲದು. ರಾತ್ರಿಯ ಊಟ, ಮಲಗಿಸುವುದು ನಿಮ್ಮ ಕೆಲಸವಾಗಲಿ. ಭಾನುವಾರ ಎರಡು ಗಂಟೆ ಮಗುವನ್ನು ನೀವೇ ನೋಡಿಕೊಂಡು ಅವರನ್ನು ಹೊರಗೆ ಕಳುಹಿಸಿ. ದೊಡ್ಡ ಮಗಳಿಗೂ ದಿನಕ್ಕೆ ಹದಿನೈದು ನಿಮಿಷ ಅವಳದೇ ಹೊತ್ತು ಬೇಕು. ತಮ್ಮನಿಗೆ ಏನಾಗಿದೆ ಎಂದು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿ.

ಕಾನೂನು ನಿಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಆಟಿಸಂ ಇದೆಯೆಂಬ ಕಾರಣಕ್ಕೆ ಮಗುವನ್ನು ತಿರಸ್ಕರಿಸುವಂತಿಲ್ಲ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ದೊರೆಯುತ್ತದೆ. ಇವೆಲ್ಲಕ್ಕೂ ಮೊದಲು ಯು.ಡಿ.ಐ.ಡಿ. ಗುರುತಿನ ಚೀಟಿ ಮಾಡಿಸಿ.

"ನಾವು ಹೋದ ಮೇಲೆ ಇವನಿಗೆ ಯಾರು?" ಎಂಬುದು ಎಲ್ಲ ತಂದೆತಾಯಂದಿರ ನಿದ್ದೆ ಕೆಡಿಸುವ ಪ್ರಶ್ನೆ. ಮಗುವಿಗೆ 18 ತುಂಬಿದ ಮೇಲೆ ಅಗತ್ಯವಿದ್ದರೆ ಇದೇ 1999ರ ಕಾಯ್ದೆಯಂತೆ ಜಿಲ್ಲಾಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪೋಷಕರನ್ನು ನೇಮಿಸಿಕೊಳ್ಳಬಹುದು. ಅರ್ಜಿಗೆ ಅಲ್ಲಿಯವರೆಗೆ ಕಾಯಬೇಕು. ಯಾರ ಹೆಸರು ಬರೆಯುವುದು ಎಂಬ ಮಾತನ್ನು ಮನೆಯಲ್ಲಿ ಈಗಲೇ ಆಡಬಹುದು.