ಕೃಷ್ಣಾತೀರದಲ್ಲಿ ಒಂದು ದಿನ

ಪ್ರವಾಸವೆಂದೊಡನೆ ಕಾಶಿ, ಶ್ರೀಶೈಲಗಳ ನೆನಪಾಗುವುದು ಸಹಜ. ಆದರೆ ನಮ್ಮ ಮನೆಯ ಬಾಗಿಲಲ್ಲೇ ಇರುವ ಪುಣ್ಯಸ್ಥಳಗಳನ್ನು ನಾವೆಷ್ಟು ಜನ ಕಣ್ತುಂಬ ನೋಡಿದ್ದೇವೆ? ಕಳೆದ ಕಾರ್ತಿಕ ಮಾಸದಲ್ಲಿ ಈ ಪ್ರಶ್ನೆಯೇ ನಮ್ಮನ್ನು ಮನೆಯಿಂದ ಹೊರಡಿಸಿತು.

ಯಲ್ಲಮ್ಮದೇವಿಯ ಜಾತ್ರೆಯಿಂದ ಹೆಸರಾದ ಕೊಕಟನೂರಿನಿಂದ ನಸುಕಿನಲ್ಲೇ ಪಯಣ ಬೆಳೆಸಿದೆವು. ಜೊತೆಯಲ್ಲಿ ಮಕ್ಕಳು ಹಾಗೂ ಎಪ್ಪತ್ತು ದಾಟಿದ ಆಯಿ. ಆಯಿಯ ತವರು ಹೊಳೆಯ ದಂಡೆಯ ಒಂದು ಹಳ್ಳಿ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಈ ತೀರದ ಅನೇಕ ಊರುಗಳು ನಡುಗಡ್ಡೆಗಳಾದಾಗ ಆ ತವರುಮನೆಯ ಮಣ್ಣಿನ ಗೋಡೆಗಳು ಕುಸಿದುಬಿದ್ದವು. ಅಂದಿನಿಂದ ಆಯಿ ಕೃಷ್ಣೆಯ ಕಡೆಗೆ ಮುಖ ಮಾಡಿರಲಿಲ್ಲ. ಈ ಸಲವೂ ದೇವರ ದರ್ಶನವೆಂದು ಒಪ್ಪಿಸಿಯೇ ಕರೆತಂದಿದ್ದೆವು.

ಅಥಣಿಯ ಗಚ್ಚಿನಮಠ

ಮೊದಲ ದರ್ಶನ ಅಥಣಿಯ ಗಚ್ಚಿನಮಠದಲ್ಲಿ. 1836ರಲ್ಲಿ ನದಿ ಇಂಗಳಗಾಂವದಲ್ಲಿ ಜನಿಸಿದ ಶ್ರೀ ಮುರುಘೇಂದ್ರ ಶಿವಯೋಗಿಗಳು ಇಲ್ಲಿ ನೆಲೆಸಿ, 1921ರಲ್ಲಿ ಲಿಂಗೈಕ್ಯರಾದರು. ಆಡಂಬರವಿಲ್ಲದ ಈ ಸ್ಥಳದಲ್ಲಿ ಮಕ್ಕಳೂ ಮಾತು ನಿಲ್ಲಿಸಿ ಕುಳಿತರು. ಪೇಟೆಯಲ್ಲಿ ಚರ್ಮದ ಚಪ್ಪಲಿಗಳನ್ನು ಕೊಂಡೆವು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿದೆ. ಅದರ ಹಿಂದೆ ಅಥಣಿ ಭಾಗದ ಕುಶಲಿಗಳ ತಲೆಮಾರುಗಳ ದುಡಿಮೆಯಿದೆ.

ಯಡೂರಿನ ವೀರಭದ್ರ

ಚಿಕ್ಕೋಡಿ ತಾಲೂಕಿನ ಯಡೂರು ಕೃಷ್ಣಾತೀರದ ಊರು. ಇಲ್ಲಿಯ ವೀರಭದ್ರನು ಗಡಿಯ ಆಚೀಚಿನ ಅಸಂಖ್ಯ ಮನೆತನಗಳ ಕುಲದೈವ. ದಕ್ಷಯಜ್ಞದಲ್ಲಿ ಸತಿಯು ದೇಹತ್ಯಾಗ ಮಾಡಿದಾಗ ಶಿವನ ಕೋಪದಿಂದ ಉದಿಸಿದವನು ವೀರಭದ್ರನೆಂಬ ಕಥೆ ನಮಗೆಲ್ಲ ತಿಳಿದದ್ದೇ. ಅದೇ ಕಥೆಯ ಇನ್ನೊಂದು ತುಣುಕು ಈ ಊರಿನಲ್ಲಿದೆ: ಒಂಟಿಯಾದ ಒಬ್ಬ ನಂದಿ.

“ಆಯಿ, ನಂದಿ ಮುಂದ ಈಶ್ವರ ಯಾಕಿಲ್ಲ?” ಎಂದು ಕಿರಿಯವಳು ಕೇಳಿದಳು.

“ಸತಿನ್ನ ತವರಿಗೆ ಹೊತ್ಕೊಂಡು ಬಂದಾನವ್ವ. ಈಶ್ವರ ಆ ಕಡೆ ಖಿದ್ರಾಪುರದಾಗ ಅದಾನ” ಎಂದರು ಆಯಿ.

ಖಿದ್ರಾಪುರದ ಕೋಪೇಶ್ವರ

ಖಿದ್ರಾಪುರವು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿದೆ. ಇಲ್ಲಿಯ ಕೋಪೇಶ್ವರ ದೇವಾಲಯವು 12ನೆಯ ಶತಮಾನದ ಶಿಲಾಹಾರರ ಕಾಲದ್ದು. ದೇವಗಿರಿಯ ಯಾದವ ದೊರೆ ಸಿಂಘಣನ ಶಾಸನವೂ ಇಲ್ಲಿದೆ. ಕನ್ನಡ ಶಾಸನಗಳೂ ಇವೆ. ರಾಜ್ಯದ ಗೆರೆ ಬೇರೆ, ನುಡಿಯ ನೆಲೆ ಬೇರೆ ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಒಳಹೊಕ್ಕೊಡನೆ ಎದುರಾಗುವುದು ಸ್ವರ್ಗಮಂಟಪ. 48 ಕಂಬಗಳ ಈ ಮಂಟಪದ ನಡುವೆ ಛಾವಣಿಯಿಲ್ಲ. ಸುಮಾರು 13 ಅಡಿ ಅಗಲದ ವೃತ್ತದಲ್ಲಿ ಆಕಾಶವೇ ಕಾಣುತ್ತದೆ. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರನು ಈ ತೆರಪಿನ ನೇರಕ್ಕೆ ಬರುವುದನ್ನು ನೋಡಲು ಜನ ಸೇರುತ್ತಾರೆ. ಹೊರಗೆ ಅಧಿಷ್ಠಾನದ ಸುತ್ತ ಗುಡಿಯನ್ನು ಬೆನ್ನಮೇಲೆ ಹೊತ್ತಂತಿರುವ ಆನೆಗಳ ಸಾಲು. ಅನೇಕ ಶಿಲ್ಪಗಳು ಭಗ್ನವಾಗಿವೆ. ಉಳಿದವುಗಳ ಚೆಲುವು ಕಣ್ಣು ಕೀಳಗೊಡದು.

ಗರ್ಭಗುಡಿಯಲ್ಲಿ ಎರಡು ಲಿಂಗಗಳು. ಒಂದು ಮುನಿದ ಶಿವ ಕೋಪೇಶ್ವರ. ಇನ್ನೊಂದು ಅವನನ್ನು ಸಂತೈಸಲು ಬಂದ ವಿಷ್ಣುವಿನ ರೂಪವಾದ ಧೋಪೇಶ್ವರ. ಇಲ್ಲಿ ನಂದಿಯಿಲ್ಲ.

ದರ್ಶನ ಮುಗಿದ ಮೇಲೆ ಆಯಿ ತಾವಾಗಿಯೇ ಹೊಳೆಯ ಕಡೆಗೆ ನಡೆದರು. ನಾವು ತಡೆಯಲಿಲ್ಲ. ದಂಡೆಯಲ್ಲಿ ಕುಳಿತು, ಬೊಗಸೆ ನೀರನ್ನು ಕಣ್ಣಿಗೆ ಹಚ್ಚಿಕೊಂಡು, “ಸಿಟ್ಟು ಬಂದಿತ್ತು ಆಕಿಗೆ. ಈಗ ಇಳದೈತಿ” ಎಂದರು. ತಂದ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಯನ್ನು ಅಲ್ಲಿಯೇ ಬಿಚ್ಚಿದೆವು.

ಮಳೆಗಾಲದಲ್ಲಿ ಹೊಳೆ ತುಂಬಿ ರಸ್ತೆಗಳು ಮುಳುಗುವುದುಂಟು; ಆದ್ದರಿಂದ ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಈ ಯಾತ್ರೆಗೆ ಲೇಸು. ಖಿದ್ರಾಪುರಕ್ಕೆ ಕುರುಂದವಾಡದ ಮೂಲಕ ರಸ್ತೆಯಿದೆ. ಮಕ್ಕಳನ್ನು ಕರೆದೊಯ್ಯಿರಿ, ಮನೆಯ ಹಿರಿಯರನ್ನು ಮರೆಯದೆ ಕರೆದೊಯ್ಯಿರಿ. ಕಲ್ಲು ಹೇಳದ ಕಥೆಯನ್ನು ಅವರು ಹೇಳುತ್ತಾರೆ.